ಜಲಾನಯನ ಮಾದರಿಗಳು: ಕೃಷ್ಣಾ-ಘಟಪ್ರಭಾ ನಡುನಾಡಿನ ನೀರಿನ ಲೆಕ್ಕ

ಒಂದು ಹಳ್ಳಕ್ಕೋ ಹೊಳೆಗೋ ಯಾವ ನೆಲದ ಮಳೆನೀರು ಇಳಿದು ಬಂದು ಸೇರುತ್ತದೆಯೋ ಆ ನೆಲವೆಲ್ಲ ಅದರ ಜಲಾನಯನ. ಅಲ್ಲಿ ಬಿದ್ದ ಮಳೆಯಲ್ಲಿ ಎಷ್ಟು ಆವಿಯಾಗಿ ಹೋಯಿತು, ಎಷ್ಟು ಮಣ್ಣಲ್ಲಿ ಉಳಿಯಿತು, ಎಷ್ಟು ಕೆಳಗಿನ ಬಂಡೆಗೆ ಇಳಿಯಿತು, ಎಷ್ಟು ಹರಿದು ಮುಂದಿನ ಊರಿಗೆ ಹೋಯಿತು ಎಂಬುದನ್ನು ಹವಾಗುಣ, ಇಳಿಜಾರು, ಮಣ್ಣು, ಬೆಳೆ, ಬಂಡೆ ಇವುಗಳ ಗುಣದಿಂದ ಕಂಡುಹಿಡಿಯುವ ಗಣಿತವೇ ಜಲಾನಯನ ಮಾದರಿ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಈ ಗಣಿತಕ್ಕೆ ಕಠಿಣ ಪರೀಕ್ಷೆಯ ನೆಲ. ಇಲ್ಲಿನ ಹೊಳೆಗಳು ಇಲ್ಲಿನ ಮಳೆಯಿಂದ ತುಂಬುವುದಿಲ್ಲ. ಇಲ್ಲಿ ಬೀಳುವ ಮಳೆಗೆ ಹೊಳೆ ತುಂಬಿಸುವ ಶಕ್ತಿ ಇಲ್ಲ. ಎರಡು ಬೇರೆ ಹವಾಗುಣಗಳ ನೀರು ಒಂದೇ ನೆಲದಲ್ಲಿ ಕೂಡುವ ಈ ಭಾಗದಲ್ಲಿ, ಎರಡನ್ನೂ ಬೇರೆಬೇರೆಯಾಗಿ ಲೆಕ್ಕಹಾಕದ ಮಾದರಿ ತಪ್ಪು ಉತ್ತರವನ್ನೇ ಕೊಡುತ್ತದೆ.

2019ನೇ ವರ್ಷ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಆ ಬೇಸಿಗೆಯಲ್ಲಿ ಜಮಖಂಡಿ, ರಬಕವಿ ಭಾಗದ ಕೃಷ್ಣೆ ಬತ್ತಿ, ಹಿಪ್ಪರಗಿ ಬ್ಯಾರೇಜಿನ ಹಿಂದೆ ಕುಡಿಯುವ ನೀರಿಗೂ ತತ್ವಾರವಾಯಿತು. ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಕರ್ನಾಟಕ ಸರ್ಕಾರ ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಅದೇ ವರ್ಷ ಆಗಸ್ಟ್ ಹೊತ್ತಿಗೆ ಕೃಷ್ಣಾ, ಘಟಪ್ರಭಾ ಎರಡೂ ದಡ ಮೀರಿದವು. ಮುಧೋಳ ಪಟ್ಟಣಕ್ಕೂ ಹೊಳೆಸಾಲಿನ ಹಳ್ಳಿಗಳಿಗೂ ನೀರು ನುಗ್ಗಿತು. ಆಲಮಟ್ಟಿ ಜಲಾಶಯದಿಂದ ಹೊರಬಿಟ್ಟ ನೀರು ಸೆಕೆಂಡಿಗೆ 5 ಲಕ್ಷ ಘನ ಅಡಿ ದಾಟಿತು. ಮೂರು ತಿಂಗಳ ಅಂತರದಲ್ಲಿ ಒಂದೇ ಮನೆಯವರು ನೀರಿಗಾಗಿ ಅಲೆದರು, ಆಮೇಲೆ ನೀರಿನಿಂದ ತಪ್ಪಿಸಿಕೊಂಡು ಓಡಿದರು. ಆ ಎರಡು ಸಂಗತಿಗಳ ನಡುವೆ ಆ ಹಳ್ಳಿಗಳ ಹೊಲಗಳಲ್ಲಿ ಬಿದ್ದ ಮಳೆಯನ್ನಷ್ಟೇ ನೋಡಿದರೆ ಎರಡಕ್ಕೂ ಕಾರಣ ಸಿಗುವುದಿಲ್ಲ.

ನೆಲದ ಗುಣ

ಕೃಷ್ಣೆ ಪಶ್ಚಿಮ ಘಟ್ಟದ ಮಹಾಬಳೇಶ್ವರದಲ್ಲಿ, ಸಮುದ್ರಮಟ್ಟದಿಂದ 1,300 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹುಟ್ಟಿ, ಸಾತಾರಾ, ಸಾಂಗಲಿ ಜಿಲ್ಲೆಗಳನ್ನು ಹಾಯ್ದು ಬೆಳಗಾವಿ ಜಿಲ್ಲೆಯ ಮೂಲಕ ಇಲ್ಲಿಗೆ ಬರುತ್ತಾಳೆ. ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ನದಿಗಳೆಲ್ಲ ಆ ಹೊತ್ತಿಗಾಗಲೇ ಅವಳನ್ನು ಕೂಡಿರುತ್ತವೆ. ಘಟಪ್ರಭಾ ಘಟ್ಟದಲ್ಲೇ ಹುಟ್ಟಿ, ತಾಮ್ರಪರ್ಣಿ, ಹಿರಣ್ಯಕೇಶಿ ನದಿಗಳ ನೀರನ್ನು ಕೂಡಿಸಿಕೊಂಡು, ಗೋಕಾಕದಲ್ಲಿ 52 ಮೀಟರ್ ಧುಮುಕಿ, ಮಾರ್ಕಂಡೇಯವನ್ನೂ ಸೇರಿಸಿಕೊಂಡು, ಮುಧೋಳವನ್ನು ಬಳಸಿ ಬೀಳಗಿ ತಾಲ್ಲೂಕಿನ ಅಂಚಿನಲ್ಲಿ ಹರಿದು ಆಲಮಟ್ಟಿ ಬಳಿಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸುಮಾರು 283 ಕಿ.ಮೀ. ಉದ್ದದ ಈ ನದಿಯ ಜಲಾನಯನ 8,829 ಚದರ ಕಿ.ಮೀ. ಬೀಳಗಿ ಈ ಎರಡು ನದಿಗಳ ನಡುವಿನ ಎತ್ತರದಲ್ಲಿ ಕುಳಿತಿದೆ. ಎರಡೂ ಕಡೆ ಹೊಳೆ, ನಡುವೆ ನೀರಿಲ್ಲದ ಮಡ್ಡಿ. ಬೀಳಗಿ ಸೀಮೆಯ ಹಳೆಯ ಬಾವಿಗಳನ್ನು, ಅರೆತ್ತಿನ ಬಾವಿಯನ್ನು ನೋಡಿದವರಿಗೆ ಹೊಳೆಯ ಹತ್ತಿರ ಇರುವುದಕ್ಕೂ ನೀರು ಕೈಗೆ ಸಿಗುವುದಕ್ಕೂ ಇರುವ ಅಂತರ ತಿಳಿಯುತ್ತದೆ.

ಕೆಳಗಿನ ಬಂಡೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಬಗೆಯದಲ್ಲ. ಉತ್ತರದ ಕಡೆ, ಜಮಖಂಡಿಯ ಕೃಷ್ಣಾ ತೀರದಲ್ಲಿ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯಿಂದ ಪದರಪದರವಾಗಿ ಹರಡಿದ ದಖನ್ನಿನ ಕಪ್ಪು ಬಸಾಲ್ಟ್ ಇದೆ. ದಕ್ಷಿಣಕ್ಕೆ ಮುಧೋಳ, ಬೀಳಗಿಗಳ ಕಡೆ ಅದಕ್ಕಿಂತ ಬಹಳ ಹಳೆಯ, ನೂರು ಕೋಟಿ ವರ್ಷಗಳಿಗೂ ಹಿಂದಿನ ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು, ಡಾಲಮೈಟು, ಜೇಡಿಗಲ್ಲು, ಬೆಣಚುಗಲ್ಲು ಬರುತ್ತವೆ. ಮುಧೋಳ ತಾಲ್ಲೂಕಿನ ಲೋಕಾಪುರದ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ಸೇರಿಹೋಗಿದೆ. ಕಲಾದಗಿ ಸಮೂಹದ ಒಂದು ಉಪಸಮೂಹಕ್ಕೆ ಆ ಊರಿನದೇ ಹೆಸರು. ನೀರಿನ ಲೆಕ್ಕಕ್ಕೆ ಇದು ಬಹಳ ಮುಖ್ಯ. ಬಸಾಲ್ಟಿನಲ್ಲಿ ನೀರು ಪದರಗಳ ನಡುವಿನ ಬಿರುಕಿನಲ್ಲಿ, ತೂತುಗಲ್ಲಿನಲ್ಲಿ ನಿಲ್ಲುತ್ತದೆ. ಸುಣ್ಣಕಲ್ಲು ಕರಗಿ ಕೊರಕಲಾದ ಕಡೆ ಒಂದು ಕೊಳವೆಬಾವಿಗೆ ಹೇರಳ ನೀರು ಸಿಕ್ಕರೆ, ಐವತ್ತು ಮಾರು ಆಚೆಗೆ ಕೊರೆದದ್ದು ಬರೀ ಪುಡಿ ಉಗುಳುತ್ತದೆ. ಬೆಣಚುಗಲ್ಲಿನ ಗುಡ್ಡಗಳು ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ. ಅವು ಬಿದ್ದದ್ದನ್ನು ತಳದ ಹಳ್ಳಕ್ಕೆ ಇಳಿಸುತ್ತವೆ.

ಮೇಲಿನ ಮಣ್ಣನ್ನು ಇಲ್ಲಿನ ರೈತರು ಎರಿ, ಮಸಾರಿ, ಮಡ್ಡಿ ಎಂದು ಕರೆಯುತ್ತಾರೆ. ಆ ಮೂರು ಮಾತುಗಳಲ್ಲಿ ಒಂದು ಪೂರ್ತಿ ಜಲವಿಜ್ಞಾನ ಅಡಗಿದೆ. ಎರೆಮಣ್ಣು ಒಣಗಿದಾಗ ಕೈ ಇಳಿಯುವಷ್ಟು ಬಿರಿಯುತ್ತದೆ. ಮೊದಲ ಮುಂಗಾರು ಮಳೆಯನ್ನು ಆ ಬಿರುಕುಗಳು ನೇರ ಆಳಕ್ಕೆ ನುಂಗುತ್ತವೆ. ನೆನೆದ ಮೇಲೆ ಅದೇ ಮಣ್ಣು ಉಬ್ಬಿ, ಬಿರುಕು ಮುಚ್ಚಿ, ಗಂಟೆಗೆ ಕೆಲವೇ ಮಿಲಿಮೀಟರ್ ಮಾತ್ರ ಒಳಬಿಡುತ್ತದೆ. ಆದರೆ ಹಿಡಿದದ್ದನ್ನು ಬಿಡುವುದಿಲ್ಲ: ಒಂದು ಮೀಟರ್ ಆಳದ ಒಳ್ಳೆಯ ಎರೆಭೂಮಿ ಬೆಳೆಗೆ ಸಿಗುವಂಥ 150ರಿಂದ 200 ಮಿ.ಮೀ. ನೀರನ್ನು ಇಟ್ಟುಕೊಳ್ಳಬಲ್ಲದು. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳ, ಕಡಲೆ ಮುಂದೆ ಹನಿ ಮಳೆ ಕಾಣದಿದ್ದರೂ ಬಂದುಬಿಡುವುದು ಈ ಕೂಡಿಟ್ಟ ತೇವದಿಂದ. ಮಸಾರಿ ಬೇಗ ಕುಡಿಯುತ್ತದೆ, ಬೇಗ ಒಣಗುತ್ತದೆ. ಮಡ್ಡಿಯಲ್ಲಿ ಮಣ್ಣೇ ಒಂದು ಗೇಣು. ಅದರ ಕೆಳಗೆ ಗರಸು.

ಎರಡು ಮಳೆಗಳು

ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 560 ಮಿ.ಮೀ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಅಕ್ಟೋಬರ್ ವರೆಗೆ ಬೀಳುತ್ತದೆ, ಅದರಲ್ಲೂ ಸೆಪ್ಟೆಂಬರ್‌ನ ಉತ್ತರಿ, ಹಸ್ತದ ಮಳೆಗಳ ಮೇಲೆ ಹಿಂಗಾರಿ ಬೆಳೆಯ ಹಣೆಬರಹ ನಿಂತಿದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಬೀಳುವುದು ಇದರ ಹತ್ತು ಪಟ್ಟು. ಅಲ್ಲಿಂದ ಕೇವಲ 20 ಕಿ.ಮೀ. ಪೂರ್ವಕ್ಕಿರುವ ಪಂಚಗಣಿಯಲ್ಲಿ ಅದರ ಮೂರನೇ ಒಂದು ಭಾಗದಷ್ಟೇ ಮಳೆ, ಕೆಳಗಿನ ವಾಯಿಯಲ್ಲಿ ಇನ್ನೂ ಕಡಿಮೆ. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ತನ್ನ ಭಾರವನ್ನೆಲ್ಲ ಇಳಿಸಿ, ಇಳಿಯುವಾಗ ಒಣಗಿದ ಗಾಳಿಯಾಗಿ ನಮ್ಮ ಕಡೆ ಬರುತ್ತದೆ. ಜುಲೈ ತಿಂಗಳಲ್ಲಿ ಜಮಖಂಡಿಯ ಹೊಲದಲ್ಲಿ ನಿಂತರೆ ಮೋಡ ಓಡುವುದು ಕಾಣುತ್ತದೆ, ಮಳೆ ಕಾಣುವುದಿಲ್ಲ. ಅದೇ ಹೊತ್ತಿಗೆ ಹೊಳೆ ತುಂಬಿ ಬರುತ್ತಿರುತ್ತದೆ.

ಮಳೆಯ ವ್ಯತ್ಯಾಸ ಹತ್ತು ಪಟ್ಟಾದರೆ ಹರಿವಿನ ವ್ಯತ್ಯಾಸ ಎಷ್ಟು? ಇಲ್ಲಿಯೇ ಮಾದರಿ ಬೇಕಾಗುವುದು. ರಷ್ಯದ ಹವಾಮಾನ ವಿಜ್ಞಾನಿ ಮಿಖಾಯಿಲ್ ಬುಡಿಕೊ ಕಳೆದ ಶತಮಾನದಲ್ಲಿ ಕೊಟ್ಟ ಒಂದು ಸೂತ್ರ ಎರಡೇ ಸಂಖ್ಯೆಗಳನ್ನು ಕೇಳುತ್ತದೆ: ವರ್ಷಕ್ಕೆ ಮಳೆ ಎಷ್ಟು, ಬಿಸಿಲು-ಗಾಳಿಗಳು ಆವಿಯಾಗಿ ಎಳೆದುಕೊಳ್ಳಬಲ್ಲ ನೀರು ಎಷ್ಟು. ಈ ಸೀಮೆಗೆ 560 ಮಿ.ಮೀ. ಮಳೆ, 1,550 ಮಿ.ಮೀ. ಆವಿಯ ಬೇಡಿಕೆ ಎಂದಿಟ್ಟುಕೊಂಡರೆ ಬಿದ್ದ ಮಳೆಯ ನೂರರಲ್ಲಿ 95 ಪಾಲು ಮತ್ತೆ ಆಕಾಶಕ್ಕೆ ಹೋಗುತ್ತದೆ. ಉಳಿಯುವುದು ಸುಮಾರು 29 ಮಿ.ಮೀ. ಘಟ್ಟದ ನೆತ್ತಿಗೆ 5,600 ಮಿ.ಮೀ. ಮಳೆ, 1,400 ಮಿ.ಮೀ. ಬೇಡಿಕೆ ಎಂದು ಹಿಡಿದರೆ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರು, ಅಂದರೆ 4,200 ಮಿ.ಮೀ.ಗೂ ಮಿಕ್ಕಿ ಹರಿದು ಬರುತ್ತದೆ. ಮಳೆ ಹತ್ತು ಪಟ್ಟು, ಹರಿವು ಸುಮಾರು ನೂರೈವತ್ತು ಪಟ್ಟು. ಇದು ಕೈಲೆಕ್ಕ, ಅಳತೆಯಲ್ಲ. ಆದರೂ ಘಟ್ಟದ ಒಂದು ಸಣ್ಣ ಪಟ್ಟಿ ಇಡೀ ಕೃಷ್ಣೆಯನ್ನು ಹೇಗೆ ಸಾಕುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವ ದಾರಿ ಕಾಣೆ.

ಅದೇ ಸೂತ್ರ ಇನ್ನೊಂದು ಕಹಿ ಸಂಗತಿಯನ್ನೂ ಹೇಳುತ್ತದೆ. ಬೀಳಗಿಯಂಥ ಒಣನೆಲದಲ್ಲಿ ಮಳೆ ನೂರಕ್ಕೆ ಹತ್ತು ಕಡಿಮೆಯಾದರೆ ಹರಿವು ಹತ್ತು ಕಡಿಮೆಯಾಗುವುದಿಲ್ಲ, ಮೂವತ್ತು ಕಡಿಮೆಯಾಗುತ್ತದೆ. ಗಿಡ, ಮಣ್ಣು, ಬಿಸಿಲು ಮೊದಲು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಹಳ್ಳಕ್ಕೆ, ಅಂತರ್ಜಲಕ್ಕೆ ಸಿಗುವುದು ಮಿಕ್ಕಿದ್ದು. ಸ್ವಲ್ಪ ಬರ ಬಿದ್ದ ವರ್ಷ ಜೋಳ ಹೇಗೋ ಬರುತ್ತದೆ, ಕೆರೆ ಮಾತ್ರ ತುಂಬುವುದಿಲ್ಲ ಎಂದು ಹಳ್ಳಿಯ ಹಿರಿಯರು ಹೇಳುವ ಮಾತಿನ ಗಣಿತ ಇದೇ.

ಒಂದು ದಿನದ ಮಳೆ

ವರ್ಷದ ಸರಾಸರಿಯಿಂದ ನೀರಿನ ಹಣೆಬರಹ ಪೂರ್ತಿ ತಿಳಿಯುವುದಿಲ್ಲ. ಮಳೆ ಯಾವ ದಿನ, ಎಷ್ಟು ಜೋರಾಗಿ, ಯಾವ ನೆಲದ ಮೇಲೆ ಬಿತ್ತು ಎಂಬುದೇ ಮುಖ್ಯ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ ‘ಕರ್ವ್ ನಂಬರ್’ ವಿಧಾನ ಇದಕ್ಕೆ ಇಂದಿಗೂ ಬಹಳ ಬಳಕೆಯಲ್ಲಿದೆ. ಪ್ರತಿ ಮಣ್ಣು-ಬೆಳೆ ಜೋಡಿಗೆ 100ರೊಳಗಿನ ಒಂದು ಅಂಕೆ. ಅಂಕೆ ಹೆಚ್ಚಿದಷ್ಟೂ ನೀರು ಹರಿದುಹೋಗುವುದು ಹೆಚ್ಚು.

ಒಂದು ದಿನ 50 ಮಿ.ಮೀ. ಮಳೆ ಬಿತ್ತು ಎನ್ನೋಣ. ಸಾಲುಬೆಳೆ ಇರುವ, ಒಡ್ಡಿಲ್ಲದ, ಮೊದಲೇ ನೆನೆದ ಎರೆಭೂಮಿಗೆ ಅಂಕೆ 88 ಎಂದು ಹಿಡಿದರೆ ಸುಮಾರು 24 ಮಿ.ಮೀ. ಹರಿದುಹೋಗುತ್ತದೆ. ಒಂದು ಹೆಕ್ಟೇರಿಗೆ 2 ಲಕ್ಷ 40 ಸಾವಿರ ಲೀಟರ್. ಅದೇ ಎರೆ ಒಣಗಿ ಬಿರಿದಿದ್ದರೆ ಅಂಕೆ 75ಕ್ಕೆ ಇಳಿದು, ಹರಿಯುವುದು 9 ಮಿ.ಮೀ. ಮಾತ್ರ. ಒಳ್ಳೆಯ ಹುಲ್ಲು, ಒಡ್ಡು ಇರುವ ಹಗುರ ಮಣ್ಣಿಗೆ ಅಂಕೆ 70 ಆದರೆ ಹರಿವು 6 ಮಿ.ಮೀ. ಆ 50 ಮಿ.ಮೀ. ಮಳೆಯೇ ಎರಡು ಬೇರೆ ದಿನ 25ರಂತೆ ಬಿದ್ದಿದ್ದರೆ, ಅಂಕೆ 88ರ ಹೊಲದಲ್ಲೂ ಒಟ್ಟು ಹರಿವು 24ರಿಂದ ಸುಮಾರು 12ಕ್ಕೆ ಇಳಿಯುತ್ತಿತ್ತು. ಮಳೆಮಾಪಕದಲ್ಲಿ ಅದೇ ಸಂಖ್ಯೆ, ಹಳ್ಳದಲ್ಲಿ ಬೇರೆಯೇ ನೀರು. ಹವಾಗುಣ ಮತ್ತು ನೆಲ ಇವೆರಡೂ ನೀರಿನ ಲಭ್ಯತೆಯನ್ನು ಹೇಗೆ ಕೂಡಿ ತೀರ್ಮಾನಿಸುತ್ತವೆ ಎಂಬುದಕ್ಕೆ ಈ ನಾಲ್ಕು ಸಂಖ್ಯೆಗಳು ಸಾಕು. ಹೊಲಕ್ಕೆ ಒಡ್ಡು ಹಾಕುವುದು, ಇಳಿಜಾರಿಗೆ ಅಡ್ಡ ಬಿತ್ತುವುದು, ಕೃಷಿ ಹೊಂಡ ತೋಡುವುದು ಇವೆಲ್ಲ ಈ ಅಂಕೆಯನ್ನು ಕೆಳಗಿಳಿಸುವ ಕೆಲಸಗಳೇ.

ಇಂಥ ಲೆಕ್ಕವನ್ನು ಇಡೀ ಜಲಾನಯನಕ್ಕೆ, ದಿನದಿನಕ್ಕೂ, ಹತ್ತಾರು ವರ್ಷಕ್ಕೆ ಮಾಡುವ ಗಣಕ ಮಾದರಿಗಳಲ್ಲಿ ಹೆಚ್ಚು ಪ್ರಚಲಿತವಾದದ್ದು ‘ಸ್ವಾಟ್’. ಅಮೆರಿಕದ ಕೃಷಿ ಸಂಶೋಧನಾ ಸೇವೆಯಲ್ಲಿ ಜೆಫ್ ಆರ್ನಾಲ್ಡ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. ಮೊದಲು ಎತ್ತರದ ನಕ್ಷೆ ಬೇಕು. ಬಾಹ್ಯಾಕಾಶ ನೌಕೆಯಿಂದ 2000ದ ಫೆಬ್ರುವರಿಯಲ್ಲಿ ತೆಗೆದ ರೇಡಾರ್ ಅಳತೆ ಅಥವಾ ಇಸ್ರೊದ ಕಾರ್ಟೊಸ್ಯಾಟ್ ಅಳತೆ ಇದಕ್ಕೆ ಒದಗುತ್ತದೆ. ಅದರಿಂದ ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಗಣಕವೇ ಹಳ್ಳಗಳ ಜಾಲವನ್ನು ಬಿಡಿಸುತ್ತದೆ. ಮೇಲೆ ಮಣ್ಣಿನ ನಕ್ಷೆ, ಬೆಳೆಯ ನಕ್ಷೆ ಹಾಸಿದರೆ ಒಂದೇ ಇಳಿಜಾರು, ಒಂದೇ ಮಣ್ಣು, ಒಂದೇ ಬೆಳೆ ಇರುವ ತುಣುಕುಗಳು ಸಿಗುತ್ತವೆ. ಪ್ರತಿ ತುಣುಕಿಗೂ ಮಳೆ, ಬಿಸಿಲು, ಗಾಳಿ, ತೇವಾಂಶ ಕೊಟ್ಟು ದಿನದ ಜಮಾ-ಖರ್ಚು ಬರೆಯುತ್ತಾ ಹೋಗುವುದೇ ಮಾದರಿಯ ಕೆಲಸ. ಇದು ಗಣಿತವೆಂದು ಹೆದರಬೇಕಿಲ್ಲ. ಅಂಗಡಿಯ ಖಾತೆಯಂತೆ ಬಂದದ್ದು, ಹೋದದ್ದು, ಉಳಿದದ್ದು ಮೂರೇ ಕಲಮುಗಳು.

ಬರೆದ ಖಾತೆ ನಿಜವೇ ಎಂದು ನೋಡುವುದು ನದಿಯ ಅಳತೆಯಿಂದ. ಕೇಂದ್ರ ಜಲ ಆಯೋಗ ಕೃಷ್ಣೆಯ ಮೇಲೆ ಕುರುಂದವಾಡದಲ್ಲಿ, ಘಟಪ್ರಭೆಯ ಮೇಲೆ ಗೋಕಾಕದಲ್ಲಿ ಹರಿವನ್ನು ಅಳೆಯುತ್ತ ಬಂದಿದೆ. ಮಾದರಿ ಹೇಳಿದ ಹರಿವು ಅಳೆದ ಹರಿವಿಗೆ ಎಷ್ಟು ಹೊಂದುತ್ತದೆ ಎಂದು ತೂಗಲು ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಕೊಟ್ಟ ಒಂದು ಅಳತೆಗೋಲು ಇದೆ: 1 ಬಂದರೆ ಪೂರ್ಣ ಹೊಂದಿಕೆ, 0 ಬಂದರೆ ಸರಾಸರಿಯನ್ನೇ ಬರೆದಿಟ್ಟಿದ್ದರೂ ಆಗುತ್ತಿತ್ತು ಎಂದರ್ಥ. ನನ್ನ ಅಭಿಪ್ರಾಯದಲ್ಲಿ ಈ ಭಾಗದ ಮಾದರಿಗಳನ್ನು ಈ ಒಂದೇ ಅಂಕೆಯಿಂದ ಮೆಚ್ಚಿಕೊಳ್ಳುವುದು ಅಪಾಯ. ಮಳೆಗಾಲದ ದೊಡ್ಡ ಹರಿವು ಹೊಂದಿದರೆ ಅಂಕೆ ಚೆನ್ನಾಗಿ ಬರುತ್ತದೆ. ಜನ ಒದ್ದಾಡುವುದು ಏಪ್ರಿಲ್-ಮೇ ತಿಂಗಳ ಸಣ್ಣ ಹರಿವಿಗೆ. ಅಲ್ಲಿ ಮಾದರಿ ಎಡವಿದ್ದು ಆ ಅಂಕೆಯಲ್ಲಿ ಕಾಣುವುದೇ ಇಲ್ಲ.

ಗೇಟು, ಕಾಲುವೆ, ಕಬ್ಬು

ಅಳೆದ ಹರಿವೂ ಇಲ್ಲಿ ಪ್ರಕೃತಿಯ ಹರಿವಲ್ಲ. ಕೊಯ್ನಾದಲ್ಲಿ ಸುಮಾರು 105 ಟಿಎಂಸಿ (ಶತಕೋಟಿ ಘನ ಅಡಿ), ಘಟಪ್ರಭೆಯ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ, ಕೆಳಗೆ ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟದವರೆಗೆ 123 ಟಿಎಂಸಿ ನೀರು ನಿಲ್ಲುತ್ತದೆ. ನಡುವೆ ಹಿಪ್ಪರಗಿ, ಚಿಕ್ಕಪಡಸಲಗಿ, ಗಲಗಲಿ ಬ್ಯಾರೇಜುಗಳು. ಗೋಕಾಕದ ಮೇಲಿನ ಧೂಪದಾಳ ಒಡ್ಡು 19ನೇ ಶತಮಾನದ ಕೊನೆಯದು. ಘಟಪ್ರಭಾ ಕಾಲುವೆಗಳ ಹುಟ್ಟು ಅಲ್ಲಿ. ಅಲ್ಲಿಂದ ಹೊರಟ ಎಡದಂಡೆ ಕಾಲುವೆ 109 ಕಿ.ಮೀ. ಸಾಗಿ ಮುಧೋಳ, ಜಮಖಂಡಿ ಸೀಮೆಯ ಹೊಲಗಳನ್ನು ಮುಟ್ಟುತ್ತದೆ. ಜಮಖಂಡಿ ತಾಲ್ಲೂಕಿನಲ್ಲಿ ಎತ್ತಿದ ಕೃಷ್ಣೆಯ ನೀರು ತುಬಚಿ-ಬಬಲೇಶ್ವರ ಏತ ನೀರಾವರಿಯ ಮೂಲಕ ವಿಜಯಪುರ ಜಿಲ್ಲೆಗೆ ಏರಿಹೋಗುತ್ತದೆ. ಹೊಳೆಯಿಂದ ಹೊಲದವರೆಗೆ ರೈತರು ಸ್ವಂತ ಖರ್ಚಿನಲ್ಲಿ ಎಳೆದ ಪೈಪ್‌ಲೈನುಗಳು ಬೇರೆ. ಇಷ್ಟು ಕೈಗಳು ಸೇರಿ ಹರಿಸುವ ನದಿಗೆ ಮಳೆ-ಮಣ್ಣಿನ ಲೆಕ್ಕವೊಂದನ್ನೇ ಹಾಕಿದರೆ ಉತ್ತರ ತಪ್ಪುತ್ತದೆ. ಯಾವ ಗೇಟು ಯಾವ ದಿನ ತೆರೆಯಿತು ಎಂಬ ದಾಖಲೆ ಮಾದರಿಗೆ ಮಳೆಯಷ್ಟೇ ಅವಶ್ಯ.

ಮೇಲ್ಕೃಷ್ಣೆಯ ಪ್ರವಾಹಗಳ ಸುತ್ತಲಿನ ಜಗಳಕ್ಕೂ ಇದೇ ಮೂಲ. ಸಾಂಗಲಿ, ಕೊಲ್ಹಾಪುರಗಳು ಮುಳುಗಿದಾಗಲೆಲ್ಲ ಆಲಮಟ್ಟಿಯ ಹಿನ್ನೀರೇ ಕಾರಣ ಎಂಬ ಮಾತು ಅಲ್ಲಿ ಏಳುತ್ತದೆ. 2019ರ ಪ್ರವಾಹದ ಮೇಲೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ ನೀರಿನ ಮಟ್ಟ, ಇಳಿಜಾರುಗಳನ್ನು ಪರಿಶೀಲಿಸಿ ಆಲಮಟ್ಟಿ ಕಾರಣವಲ್ಲ ಎಂಬ ತೀರ್ಮಾನಕ್ಕೆ ಬಂತು. ಲೆಕ್ಕ ಜಗಳವನ್ನು ನಿಲ್ಲಿಸಲಿಲ್ಲ; ಜಗಳಕ್ಕೆ ಒಂದು ನೆಲೆಯನ್ನಂತೂ ಕೊಟ್ಟಿತು.

ಬೇಡಿಕೆಯ ಕಡೆ ಎಲ್ಲಕ್ಕೂ ದೊಡ್ಡ ಸಂಖ್ಯೆ ಕಬ್ಬಿನದು. ಮುಧೋಳ, ಜಮಖಂಡಿಗಳು ರಾಜ್ಯದ ಸಕ್ಕರೆ ನಾಡುಗಳಲ್ಲಿ ಮುಂದಿನ ಸಾಲಿನವು. ಸಮೀರವಾಡಿಯಿಂದ ಹಿರೇಪಡಸಲಗಿಯವರೆಗೆ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ. ಕಬ್ಬು ವರ್ಷಕ್ಕೆ 1,500ರಿಂದ 2,500 ಮಿ.ಮೀ. ನೀರು ಕೇಳುವ ಬೆಳೆ. 1,800 ಎಂದು ಹಿಡಿದರೂ ಹೆಕ್ಟೇರಿಗೆ 18,000 ಘನ ಮೀಟರ್. ಇಲ್ಲಿನ ಮಳೆ ಒಂದು ಹೆಕ್ಟೇರಿಗೆ ಕೊಡುವುದು 5,600. ಬಿದ್ದ ಹನಿಯಲ್ಲಿ ಒಂದೂ ಆವಿಯಾಗದೆ ಹರಿಯದೆ ಉಳಿದರೂ ಒಂದು ಹೆಕ್ಟೇರ್ ಕಬ್ಬಿಗೆ ಮೂರು ಹೆಕ್ಟೇರಿಗೂ ಮಿಕ್ಕ ನೆಲದ ಮಳೆ ಬೇಕು. ಒಂದು ಟಿಎಂಸಿ ನೀರು, ಅಂದರೆ 2.83 ಕೋಟಿ ಘನ ಮೀಟರ್, ಸೋರದೆ ಬೇರಿಗೆ ಮುಟ್ಟಿದರೆ ಸುಮಾರು 1,570 ಹೆಕ್ಟೇರ್ ಕಬ್ಬನ್ನು ಸಾಕುತ್ತದೆ. ಹೀಗೆ ನೋಡಿದರೆ ಈ ತಾಲ್ಲೂಕುಗಳ ಹಸಿರು ಘಟ್ಟದಲ್ಲಿ ಬಿದ್ದ ಮಳೆಯ ಹಸಿರು. ಇದನ್ನು ರೈತನ ತಪ್ಪು ಎಂದು ಹೇಳುವುದು ಅನ್ಯಾಯ. ಜೋಳಕ್ಕೆ ಇಲ್ಲದ ನಿಶ್ಚಿತ ಖರೀದಿ ಕಬ್ಬಿಗಿದೆ. ಬಿಲ್ಲು ತಡವಾದರೂ ಕಬ್ಬು ಹೊಲದಲ್ಲಿ ಉಳಿಯುವುದಿಲ್ಲ.

ನೀರು ಹೆಚ್ಚಾದ ಕಡೆ ಬೇರೆ ರೋಗ. ಕಾಲುವೆಯ ಕೆಳಗಿನ ಎರೆಭೂಮಿಯಲ್ಲಿ ನೀರು ಬಸಿದುಹೋಗದೆ ಅಂತರ್ಜಲ ಬೇರಿನವರೆಗೆ ಏರಿ, ಉಪ್ಪು ಮೇಲೆ ಬಂದು, ಹೊಲ ಬೆಳ್ಳಗಾಗುತ್ತದೆ. ಇಲ್ಲಿನವರು ಅದನ್ನು ಸವಳು-ಜವಳು ಎನ್ನುತ್ತಾರೆ. ಕೆಲವೇ ಕಿ.ಮೀ. ದೂರದ ಮಡ್ಡಿಯಲ್ಲಿ ಕೊಳವೆಬಾವಿ ಬತ್ತುತ್ತಿರುವಾಗ ಇಲ್ಲಿ ಹೊಲ ಕೊಳೆಯುತ್ತಿರುತ್ತದೆ. ತಾಲ್ಲೂಕಿಗೊಂದು ಸರಾಸರಿ ಅಂತರ್ಜಲ ಮಟ್ಟ ಬರೆದರೆ ಎರಡೂ ಮರೆಯಾಗುತ್ತವೆ. ಅಂತರ್ಜಲವನ್ನು ಮೇಲಿನ ಹರಿವಿನೊಂದಿಗೆ ಜೋಡಿಸದ ಮಾದರಿ ಈ ನಾಡಿಗೆ ಉಪಯೋಗವಿಲ್ಲ ಎನ್ನಲು ಇದೇ ಕಾರಣ.

ಚಿಕ್ಕಪಡಸಲಗಿಯ ಲೆಕ್ಕ

ಈ ಭಾಗದ ನೀರಿನ ಚರಿತ್ರೆಯಲ್ಲಿ 1989 ದೊಡ್ಡ ವರ್ಷ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬಳಿ ಕೃಷ್ಣಾ ತೀರದ ರೈತರು ಸರ್ಕಾರಕ್ಕಾಗಿ ಕಾಯದೆ, ತಾವೇ ಹಣ ಕೂಡಿಸಿ, ತಾವೇ ಕೆಲಸಕ್ಕೆ ಇಳಿದು ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಮುಂದಾಳುತನ ವಹಿಸಿದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು, 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಈ ಬ್ಯಾರೇಜಿನ ಹಿಂದೆಯೂ ಒಂದು ಮಾದರಿ ಇತ್ತು, ಕಾಗದದ ಮೇಲಲ್ಲದಿದ್ದರೂ. ಮಳೆಗಾಲದಲ್ಲಿ ಕಣ್ಣೆದುರು ಹರಿದುಹೋಗುವ ನೀರಿನ ಒಂದು ಸಣ್ಣ ಪಾಲನ್ನು ಹಿಡಿದಿಟ್ಟರೆ ಎಷ್ಟು ತಿಂಗಳು ಪಂಪು ನಡೆಯುತ್ತದೆ, ಯಾವ ಊರ ತಳದವರೆಗೆ ನೀರು ಹಿಂದೆ ನಿಲ್ಲುತ್ತದೆ ಎಂಬುದು ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ತಿಳಿದಿತ್ತು. ನಲವತ್ತು ಮಳೆಗಾಲ ಕಂಡ ಒಬ್ಬ ರೈತನ ನೆನಪು ಒಂದು ಮಾಪನ ಕೇಂದ್ರದ ದಾಖಲೆಗೆ ಕಡಿಮೆಯಲ್ಲ ಎಂದು ನಾನು ನಂಬುತ್ತೇನೆ. ಮಾದರಿ ಕಟ್ಟುವವರು ಯಾವ ವರ್ಷ ನೀರು ಯಾವ ಗುಡಿಯ ಮೆಟ್ಟಿಲ ತನಕ ಬಂದಿತ್ತು, ಯಾವ ಹಳ್ಳ ಯಾವ ತಿಂಗಳಲ್ಲಿ ನಿಲ್ಲುತ್ತದೆ ಎಂದು ಕೇಳಿ ಬರೆದುಕೊಂಡರೆ ಅವರ ಅರ್ಧ ತೊಂದರೆ ತೀರುತ್ತದೆ.

ನ್ಯಾಯಮಂಡಳಿಯ ಸಂಖ್ಯೆಗಳು

ಕೃಷ್ಣೆಯ ನೀರಿನ ಲೆಕ್ಕದ ಮೇಲೆ ನಾಲ್ಕು ರಾಜ್ಯಗಳ ಬದುಕು ನಿಂತಿದೆ. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವನ್ನು ಸಾಲಾಗಿ ಜೋಡಿಸಿ, ನೂರು ವರ್ಷಗಳಲ್ಲಿ 75 ವರ್ಷ ಸಿಗಬಹುದಾದ ನೀರು 2,060 ಟಿಎಂಸಿ ಎಂದು ತೀರ್ಮಾನಿಸಿ ಹಂಚಿತು. ಕರ್ನಾಟಕಕ್ಕೆ 700 ಟಿಎಂಸಿ, ಮರುಹರಿವಿನ ಪಾಲು ಬೇರೆ. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಾಗ 1961-62ರಿಂದ 2007-08ರವರೆಗಿನ 47 ವರ್ಷಗಳನ್ನು ತೆಗೆದುಕೊಂಡಿತು; ನೂರರಲ್ಲಿ 65 ವರ್ಷ ಸಿಗುವ ನೀರು 2,293 ಟಿಎಂಸಿ, ಸರಾಸರಿ 2,578 ಟಿಎಂಸಿ ಎಂದಿತು. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ಸಿಕ್ಕಿದ್ದು ಇದೇ ತೀರ್ಪಿನಲ್ಲಿ. ಬೀಳಗಿ, ಜಮಖಂಡಿಗಳ ಎಷ್ಟು ಹೊಲಗಳು ಮುಳುಗಬೇಕು ಎಂಬ ಪ್ರಶ್ನೆ ಆ ಒಂದು ಸಂಖ್ಯೆಗೆ ಕಟ್ಟಿಹಾಕಿಕೊಂಡಿದೆ.

ಎರಡೂ ಲೆಕ್ಕಗಳಲ್ಲಿ ಒಂದು ನಂಬಿಕೆ ಅಡಗಿದೆ: ಹಿಂದಿನ ವರ್ಷಗಳು ಮುಂದಿನ ವರ್ಷಗಳಿಗೆ ಸಾಕ್ಷಿ. ಹವಾಗುಣ ಬದಲಾಗುತ್ತಿರುವಾಗ ಆ ಸಾಕ್ಷಿಯ ಬಲ ಕುಗ್ಗುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದು. ಮಧ್ಯಭಾರತದ ಮೇಲೆ 1950ರಿಂದ 2015ರ ನಡುವೆ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾದವೆಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ದೆಹಲಿ ಐಐಟಿಯ ಎ.ಕೆ. ಗೋಸಾಯಿನ್ ಮತ್ತು ಸಂಗಡಿಗರು 2006ರಲ್ಲಿ ದೇಶದ ನದಿಕೊಳ್ಳಗಳಿಗೆ ಸ್ವಾಟ್ ಬಳಸಿ ಮುಂದಿನ ಹವಾಗುಣದ ಪರಿಣಾಮವನ್ನು ಅಂದಾಜಿಸಿದರು. ಕೃಷ್ಣಾ ಕೊಳ್ಳವನ್ನು ನೀರಿನ ಒತ್ತಡ ಮರುಕಳಿಸುವ ಕೊಳ್ಳಗಳ ಸಾಲಿಗೆ ಸೇರಿಸಿದರು. ಪಕ್ಕದ ಮಲಪ್ರಭಾ ಜಲಾನಯನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರಿಗೆ ಬಹಳ ವರ್ಷಗಳಿಂದ ಪ್ರಯೋಗದ ನೆಲ. ಇಡೀ ಭೂಗೋಳದ ಹವಾಗುಣ ಮಾದರಿಗಳು ನೂರಾರು ಕಿ.ಮೀ. ಚೌಕಕ್ಕೆ ಒಂದು ಮಳೆ ಹೇಳುತ್ತವೆ. ಅದನ್ನು ಒಂದು ಕಣಿವೆಯ ಮಳೆಯಾಗಿ ಇಳಿಸುವ ವಿಧಾನಗಳನ್ನು ಅವರು ಅಲ್ಲಿ ಪರೀಕ್ಷಿಸಿದ್ದಾರೆ. ಬಿಸಿ ಏರುತ್ತದೆ ಎಂಬುದರಲ್ಲಿ ಎಲ್ಲ ಮಾದರಿಗಳೂ ಒಂದೇ ಮಾತು. ಮಳೆಯ ವಿಷಯದಲ್ಲಿ ಒಂದು ಹೆಚ್ಚು ಎಂದರೆ ಇನ್ನೊಂದು ಕಡಿಮೆ ಎನ್ನುತ್ತದೆ. ಹಾಗಾಗಿ ಒಂದೇ ಮಾದರಿಯ ಮಾತು ಹಿಡಿದು ಯೋಜನೆ ಮಾಡುವುದನ್ನು ಈ ಕ್ಷೇತ್ರದ ಜವಾಬ್ದಾರಿಯುತ ಸಂಶೋಧಕರು ಒಪ್ಪುವುದಿಲ್ಲ. ಹಲವನ್ನು ಕೂಡಿಸಿ, ಉತ್ತರಗಳ ಹರಹನ್ನೇ ಮುಂದಿಡುತ್ತಾರೆ.

ಹಾಗಂತ ಎಲ್ಲವನ್ನೂ ಹವಾಗುಣದ ತಲೆಗೆ ಕಟ್ಟುವಂತಿಲ್ಲ. ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಕೃಷ್ಣಾ ಕೊಳ್ಳದ ಅಧ್ಯಯನ, 1960ರ ನಂತರ ಸಮುದ್ರ ಸೇರುವ ನೀರು ತೀವ್ರವಾಗಿ ಇಳಿದದ್ದನ್ನೂ 2001-04ರ ಬರಗಾಲದಲ್ಲಿ ಅದು ಬಹುತೇಕ ನಿಂತದ್ದನ್ನೂ ತೋರಿಸಿ, ಮುಖ್ಯ ಕಾರಣ ನೀರಾವರಿಯ ವಿಸ್ತಾರ ಎಂದಿತು. ಹವಾಗುಣದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬೇರ್ಪಡಿಸಲು ಮಾದರಿಯನ್ನು ಎರಡು ಸಲ ಓಡಿಸುತ್ತಾರೆ: ಅದೇ ಮಳೆಗೆ ಒಮ್ಮೆ ಅಣೆಕಟ್ಟು, ಕಾಲುವೆ, ಕಬ್ಬು ಇಲ್ಲದ ನೆಲ, ಇನ್ನೊಮ್ಮೆ ಈಗಿರುವ ನೆಲ. ಎರಡರ ನಡುವಿನ ಅಂತರ ನಮ್ಮದು.

ಅಳತೆಯ ಕೊರತೆ

ಕರ್ನಾಟಕದಲ್ಲಿ ಜಲಾನಯನ ಅಭಿವೃದ್ಧಿ ಇಲಾಖೆ 2000ದಲ್ಲಿ ರೂಪುಗೊಂಡಿತು. ಅದರ ಕೆಲಸದ ಘಟಕ ಸುಮಾರು 500 ಹೆಕ್ಟೇರಿನ ಕಿರು ಜಲಾನಯನ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆಯ ಮೂರನೇ ಹಂತದಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಸರ್ವೆ ನಂಬರ್ ಮಟ್ಟದವರೆಗೆ ಮಣ್ಣು, ಆಳ, ಇಳಿಜಾರುಗಳ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾಗಿ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇತಾನಾಗಿ ಮಳೆ ವರದಿ ಮಾಡುವ ಮಾಪಕಗಳನ್ನು ನಿಲ್ಲಿಸಿದೆ. ಮಳೆಯ ಅಳತೆಯ ವಿಷಯದಲ್ಲಿ ರಾಜ್ಯ ದೇಶಕ್ಕೇ ಮೇಲ್ಪಂಕ್ತಿ ಎಂದರೆ ತಪ್ಪಾಗದು.

ಆಡಳಿತದ ಗಡಿ ಮಾತ್ರ ಇನ್ನೂ ತೊಡಕು. ಜಮಖಂಡಿಯಿಂದ ಒಡೆದು ಮಗ್ಗದ ಅವಳಿ ಊರು ರಬಕವಿ-ಬನಹಟ್ಟಿ ಬೇರೆ ತಾಲ್ಲೂಕಾದದ್ದು, ಮುಧೋಳದಲ್ಲಿದ್ದ ಮಹಾಲಿಂಗಪುರ ಅದರೊಳಕ್ಕೆ ಸೇರಿದ್ದು ಇತ್ತೀಚಿನ ವರ್ಷಗಳಲ್ಲಿ. ಹಳೆಯ ತಾಲ್ಲೂಕಿನ ಬೆಳೆ, ಬಾವಿ, ನೀರಾವರಿ ಅಂಕಿಗಳನ್ನು ಹೊಸದರ ಜೊತೆ ಹೋಲಿಸುವಾಗ ಎಚ್ಚರ ತಪ್ಪಿದರೆ, ಗಡಿ ಬದಲಾದದ್ದು ಹವಾಗುಣ ಬದಲಾದಂತೆ ಕಾಣುತ್ತದೆ. ನೀರು ತಾಲ್ಲೂಕಿನ ಗಡಿಯನ್ನು ಲೆಕ್ಕಿಸದೆ ಇಳಿಜಾರು ಹಿಡಿದು ಹೋಗುತ್ತದೆ. ಅಂಕಿ ಅಂಶಗಳೂ ಜಲಾನಯನದ ಗಡಿ ಹಿಡಿದು ಕೂಡಬೇಕು.

ದೊಡ್ಡ ನದಿಗೆ ಅಳತೆ ಇದೆ, ಮಳೆಗೆ ಅಳತೆ ಇದೆ. ಹಳ್ಳಕ್ಕೆ ಸಾಮಾನ್ಯವಾಗಿ ಇಲ್ಲ. ಬೀಳಗಿಯ ಮಡ್ಡಿಯಿಂದ ಇಳಿಯುವ ಹಳ್ಳವಾಗಲಿ ಲೋಕಾಪುರ ಸೀಮೆಯ ಸುಣ್ಣಕಲ್ಲಿನ ನಡುವೆ ಹರಿಯುವ ಹಳ್ಳವಾಗಲಿ ಒಂದು ಮಳೆಗೆ ಎಷ್ಟು ಹರಿಯಿತು, ಎಷ್ಟು ದಿನ ಹರಿಯಿತು ಎಂದು ಬರೆದಿಡಲು ಹೆಚ್ಚು ಖರ್ಚಿಲ್ಲ. ಹಳ್ಳದ ಅಗಲ ಖಚಿತವಿರುವ ಒಂದು ಸೇತುವೆ ಅಥವಾ ಚೆಕ್‌ ಡ್ಯಾಂ, ಅದರ ಕಲ್ಲಿಗೆ ಸೆಂಟಿಮೀಟರಿನ ಗೆರೆ, ಮಳೆ ಬಂದ ದಿನ ಬೆಳಗ್ಗೆ ಸಂಜೆ ನೋಡಿ ಬರೆಯುವ ಒಂದು ಶಾಲೆ ಅಥವಾ ಪಂಚಾಯಿತಿ ಸಾಕು. ಮಡ್ಡಿಯ ಊರುಗಳು ಬದುಕಬೇಕಾದದ್ದು ಆ 29 ಮಿಲಿಮೀಟರಿನ ಮೇಲೆ. ಅದು ನಿಜವಾಗಿ 20 ಇದೆಯೋ 40 ಇದೆಯೋ ಎಂಬುದು ಹಳ್ಳದ ಗೆರೆಯಿಂದಲೇ ಗೊತ್ತಾಗಬೇಕು.